ಕೂರಲು ಜಾಗವಿಲ್ಲದ ಮಕ್ಕಳಿಗೆ ಶಾಲೆ ಕಟ್ಟಿದ ಕುದ್ಮುಲ್ ರಂಗರಾಯರು

ಸರ್ಕಾರಿ ಶಾಲೆಗಳಿಗೆ ಬೆಂಚು, ಮೇಜು, ಕಪ್ಪುಹಲಗೆಗಳನ್ನು ಕೊಡುಗೆಯಾಗಿ ನೀಡುವುದು ಇಂದು ಕನ್ನಡ ನಾಡಿನಲ್ಲಿ ಪರಿಚಿತವಾದ ಸತ್ಕಾರ್ಯ. ಯಳಂದೂರು ತಾಲ್ಲೂಕಿನ ಅಗರದಂಥ ಹಳ್ಳಿಯಿಂದ ಮೊದಲುಗೊಂಡು ಕರಾವಳಿಯ ಪಟ್ಟಣಗಳವರೆಗೆ, ಹಳೆಯ ವಿದ್ಯಾರ್ಥಿಗಳೋ ಊರಿನ ಹಿರಿಯರೋ ಮುಂದೆ ಬಂದು, ನೆಲದ ಮೇಲೆ ಕುಳಿತು ಪಾಠ ಕೇಳುವ ಮಕ್ಕಳಿಗೆ ಆಸನದ ವ್ಯವಸ್ಥೆ ಮಾಡಿಕೊಡುತ್ತಾರೆ. ಬೆಂಚಿನ ಬೆನ್ನ ಮೇಲೆ ಬಣ್ಣದ ಅಕ್ಷರಗಳಲ್ಲಿ ದಾನಿಯ ಹೆಸರು ಮೂಡುತ್ತದೆ. ಮಕ್ಕಳು ಜಾತಿ, ಮತಗಳ ಎಣಿಕೆಯಿಲ್ಲದೆ ಅದರ ಮೇಲೆ ಸಾಲಾಗಿ ಕೂರುತ್ತಾರೆ. ನೋಡುವವರಿಗೆ ಇದರಲ್ಲಿ ಅಚ್ಚರಿ ಪಡುವಂಥದ್ದೇನೂ ಕಾಣಿಸುವುದಿಲ್ಲ.

ಆದರೆ ಸುಮಾರು 130 ವರ್ಷಗಳ ಹಿಂದೆ ಇದೇ ನಾಡಿನಲ್ಲಿ ಬೆಂಚು ಇದೆಯೇ ಇಲ್ಲವೇ ಎಂಬುದಕ್ಕಿಂತ ಮೊದಲಿನ ಪ್ರಶ್ನೆಯೊಂದಿತ್ತು. ಶಾಲೆಯೊಳಗೆ ಯಾರು ಕೂರಬಹುದು ಎಂಬುದೇ ಆ ಪ್ರಶ್ನೆ. ಕೆಲವು ಮಕ್ಕಳಿಗೆ ಬೆಂಚು ಹೋಗಲಿ, ಶಾಲೆಯ ಹೊಸ್ತಿಲೂ ನಿಷಿದ್ಧವಾಗಿತ್ತು. ಆ ಮಕ್ಕಳಿಗಾಗಿ ತನ್ನ ವೃತ್ತಿ, ಗಳಿಕೆ, ಬಂಧುಬಳಗ, ಸಾಮಾಜಿಕ ಸ್ಥಾನಮಾನಗಳೆಲ್ಲವನ್ನೂ ಪಣಕ್ಕಿಟ್ಟು ಮಂಗಳೂರಿನಲ್ಲಿ ಶಾಲೆಗಳನ್ನು ತೆರೆದವರು ಕುದ್ಮುಲ್ ರಂಗರಾಯರು.

ರಂಗರಾಯರು ಜನಿಸಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯಲ್ಲಿ. ಅಂದು ಅದು ಮದ್ರಾಸ್ ಪ್ರಾಂತ್ಯದ ಆಡಳಿತದಲ್ಲಿತ್ತು. ಮುಂದೆ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ ಉಳಿದು, 1956ರಲ್ಲಿ ಕೇರಳಕ್ಕೆ ಸೇರಿತು. ಅವರದು ಸಾರಸ್ವತ ಬ್ರಾಹ್ಮಣ ಕುಟುಂಬ. ತಂದೆ ದೇವಪ್ಪಯ್ಯ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಹದಿಹರೆಯದಲ್ಲಿ ಬದುಕನ್ನು ಅರಸಿ ಮಂಗಳೂರಿಗೆ ಬಂದರು. ಅಲ್ಪ ಸಂಬಳಕ್ಕೆ ಶಾಲಾ ಉಪಾಧ್ಯಾಯರಾಗಿ ದುಡಿಯುತ್ತಲೇ ವ್ಯಾಸಂಗ ಮುಂದುವರಿಸಿದರು. ಬಳಿಕ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ನ್ಯಾಯಾಲಯ ಪ್ರವೇಶಿಸಿದರು. ಹಣವಿಲ್ಲದ ಕಕ್ಷಿದಾರರ ಮೊಕದ್ದಮೆಗಳನ್ನು ಕೈಗೆತ್ತಿಕೊಳ್ಳುತ್ತಿದ್ದ ಕಾರಣ ಬಡವರ ವಕೀಲರೆಂದೇ ಜನ ಅವರನ್ನು ಗುರುತಿಸತೊಡಗಿದರು. ಬಡತನದಲ್ಲಿ ಓದಿದವನ ಕಷ್ಟವೂ, ಉಪಾಧ್ಯಾಯನ ಕೆಲಸದ ಒಳಹೊರಗೂ, ಕಾನೂನಿನ ಬಲವೂ ಮಿತಿಯೂ ಹೀಗೆ ಅವರಿಗೆ ಸ್ವಾನುಭವದಿಂದಲೇ ತಿಳಿದಿದ್ದವು.

ಅಂದಿನ ಮಂಗಳೂರು ಹೊಸ ವಿಚಾರಗಳಿಗೆ ತೆರೆದುಕೊಳ್ಳುತ್ತಿದ್ದ ಪಟ್ಟಣ. 1834ರಲ್ಲಿ ಅಲ್ಲಿಗೆ ಬಂದ ಬಾಸೆಲ್ ಮಿಷನ್ ಶಾಲೆಗಳನ್ನು ಆರಂಭಿಸಿತ್ತು. ಮುದ್ರಣಾಲಯ, ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆಗಳು ಅದರ ಹಿಂದೆಯೇ ಬಂದವು. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ಅಲ್ಲಿಂದಲೇ ಹೊರಟಿತ್ತು. 1870ರಲ್ಲಿ ಬ್ರಹ್ಮಸಮಾಜದ ಶಾಖೆಯೂ ಅಲ್ಲಿ ತಲೆಯೆತ್ತಿತು. ಮೂರ್ತಿಪೂಜೆಯನ್ನೂ ಜಾತಿಭೇದವನ್ನೂ ಒಪ್ಪದ ಈ ಸಮಾಜದ ಚಿಂತನೆ ಯುವಕ ರಂಗರಾಯರನ್ನು ಆಳವಾಗಿ ಪ್ರಭಾವಿಸಿತು. ಜಾತಿಭೇದವನ್ನು ಸಭೆಗಳಲ್ಲಿ ಖಂಡಿಸುತ್ತಿದ್ದವರು ಆಗಲೂ ಅನೇಕರಿದ್ದರು. ರಂಗರಾಯರು ಆ ಖಂಡನೆಯನ್ನು ಕಾರ್ಯಕ್ಕೆ ಇಳಿಸಲು ಹೊರಟರು.

ಅವರ ಬದುಕಿನ ದಿಕ್ಕು ಬದಲಿಸಿದ ಪ್ರಸಂಗ ನ್ಯಾಯಾಲಯದ ಆವರಣದಲ್ಲಿಯೇ ನಡೆಯಿತು. ಬೆಂದೂರು ಬಾಬು ಎಂಬ ದಲಿತ ಯುವಕ ಅಷ್ಟಿಷ್ಟು ಓದು ಕಲಿತು ಕೋರ್ಟಿನಲ್ಲಿ ಜವಾನನಾಗಿ ನೇಮಕಗೊಂಡಿದ್ದರು. ಆ ಸಮುದಾಯದಿಂದ ಅಂಥ ನೌಕರಿ ಪಡೆದವರಲ್ಲಿ ಅವರು ಮೊದಲಿಗರು. ಈ ನೇಮಕವನ್ನು ಮೇಲ್ಜಾತಿಯವರು ಸಹಿಸಲಿಲ್ಲ. ವಿರೋಧ, ಅವಮಾನಗಳು ಅವರನ್ನು ಬೆನ್ನಟ್ಟಿದವು. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ವಾದ ನಡೆಯುವ ಕಟ್ಟಡದಲ್ಲಿಯೇ ಒಬ್ಬ ಮನುಷ್ಯನಿಗೆ ನಿಲ್ಲಲು ಜಾಗವಿಲ್ಲದ ಆ ದೃಶ್ಯ ರಂಗರಾಯರ ಮನಸ್ಸನ್ನು ಕಲಕಿತು. ಇಂಥ ಒಬ್ಬ ಬಾಬುವಿನ ಪರವಾಗಿ ವಾದಿಸಿದರೆ ಸಾಲದು, ನೂರಾರು ಬಾಬುಗಳು ಓದಿ ಬರುವಂತಾಗಬೇಕು ಎಂಬ ನಿಶ್ಚಯಕ್ಕೆ ಅವರು ಬಂದರು.

ಆ ನಿಶ್ಚಯ ಎಷ್ಟು ಕಠಿಣವಾದುದೆಂಬುದನ್ನು ತಿಳಿಯಲು ಆ ಕಾಲದ ಶಾಲೆಗಳ ಸ್ಥಿತಿಯನ್ನು ನೋಡಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಯೊಂದಕ್ಕೆ ಮಹಾರ್ ಸಮುದಾಯದ ಬಾಲಕನೊಬ್ಬ ಪ್ರವೇಶ ಕೋರಿ ಅರ್ಜಿ ಸಲ್ಲಿಸಿದ್ದ. ಅವನೊಬ್ಬನನ್ನು ಸೇರಿಸಿಕೊಂಡರೆ ಉಳಿದ ಮಕ್ಕಳೆಲ್ಲ ಶಾಲೆ ಬಿಡುವರೆಂಬ ಭಯದಿಂದ ಅವನಿಗೆ ಪ್ರವೇಶ ನಿರಾಕರಿಸಲಾಯಿತು. ಮುಂಬಯಿ ಸರ್ಕಾರವೂ ಆ ನಿರ್ಧಾರದಲ್ಲಿ ಕೈಹಾಕಲಿಲ್ಲ. ಈ ಪ್ರಕರಣ ಕಲ್ಕತ್ತ, ಲಂಡನ್‌ಗಳವರೆಗೆ ಚರ್ಚೆಯಾಯಿತು. ಸರ್ಕಾರದ ಹಣದಿಂದ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವ ಕಾಗದದ ಮೇಲೆ ಸ್ಥಾಪಿತವಾಯಿತು. ಆದರೆ ಕಾಗದದ ಮೇಲಿನ ತತ್ತ್ವ ಹಳ್ಳಿಯ ಶಾಲೆಯ ಜಗಲಿಯನ್ನು ತಲುಪಲು ದಶಕಗಳೇ ಬೇಕಾದವು.

ಪ್ರವೇಶ ದೊರೆತಲ್ಲಿಯೂ ಆಸನ ದೊರೆಯುತ್ತಿರಲಿಲ್ಲ. 1891ರಲ್ಲಿ ಜನಿಸಿದ ಬಾಬಾಸಾಹೇಬ ಅಂಬೇಡ್ಕರರು ಸಾತಾರದ ಶಾಲೆಯಲ್ಲಿ ಕಲಿಯುತ್ತಿದ್ದಾಗ ಇತರರೊಡನೆ ಕೂರುವಂತಿರಲಿಲ್ಲ; ಒಂಟಿಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಾಗಿತ್ತು. ಶಾಲೆಯ ಜವಾನ ಆ ಗೋಣಿಯನ್ನು ಮುಟ್ಟಲೊಲ್ಲದ ಕಾರಣ, ಬಾಲಕನೇ ಅದನ್ನು ಸಂಜೆ ಮನೆಗೆ ಹೊತ್ತೊಯ್ದು ಬೆಳಿಗ್ಗೆ ಮರಳಿ ತರಬೇಕಾಗಿತ್ತು. ಮುಂದೆ ದೇಶದ ಸಂವಿಧಾನದ ಕರಡನ್ನು ರೂಪಿಸಿದವರ ಬಾಲ್ಯವೇ ಹೀಗಿತ್ತೆಂದ ಮೇಲೆ ಹೆಸರಿಲ್ಲದ ಸಾವಿರಾರು ಮಕ್ಕಳ ಪಾಡನ್ನು ಊಹಿಸಿಕೊಳ್ಳಬಹುದು.

ಇಂಥ ಕಾಲದಲ್ಲಿ, 1892ರಲ್ಲಿ, ರಂಗರಾಯರು ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಮದ್ರಾಸ್ ಸರ್ಕಾರ ಪಂಚಮರ ಶಿಕ್ಷಣಕ್ಕೆ ವಿಶೇಷ ಉತ್ತೇಜನ ನೀಡುವ ಪ್ರಸಿದ್ಧ ಆದೇಶ ಹೊರಡಿಸಿದ್ದು ಅದರ ಮರುವರ್ಷ, 1893ರಲ್ಲಿ. ಸರ್ಕಾರದ ಅನುದಾನದ ಭರವಸೆಗಾಗಿ ಕಾಯದೆ ಆರಂಭಗೊಂಡ ಶಾಲೆ ಅದು. ಸ್ವಂತ ಕಟ್ಟಡವಿರಲಿಲ್ಲ, ಬಾಡಿಗೆಯ ಮನೆಯೇ ಶಾಲೆ. ಊರ ಐಗಳ ಮಠಗಳಲ್ಲಿಯೂ ಮಕ್ಕಳು ನೆಲದ ಮೇಲೆಯೇ ಕುಳಿತು ಮರಳಿನಲ್ಲಿ ಅಕ್ಷರ ತಿದ್ದುತ್ತಿದ್ದ ಕಾಲದಲ್ಲಿ ಪೀಠೋಪಕರಣದ ಕೊರತೆ ಅಷ್ಟು ದೊಡ್ಡ ಸಂಗತಿಯೂ ಆಗಿರಲಿಲ್ಲ. ಮಾಡಿನ ಕೆಳಗೆ, ಯಾರೂ ಎಬ್ಬಿಸಿ ಹೊರಗಟ್ಟದ ಒಂದು ತುಂಡು ನೆಲ ಆ ಮಕ್ಕಳಿಗೆ ದೊರೆಯಿತೆಂಬುದೇ ಅಂದಿನ ಮಟ್ಟಿಗೆ ಅಸಾಮಾನ್ಯವಾದ ಸಂಗತಿ.

ವಿರೋಧ ತಡಮಾಡಲಿಲ್ಲ. ಶಾಲೆಯ ಮೇಲೆ ಸವರ್ಣೀಯರ ಕೋಪ ತಿರುಗಿತು. ಅಲ್ಲಿ ಪಾಠ ಹೇಳಲು ಮೇಲ್ಜಾತಿಯ ಉಪಾಧ್ಯಾಯರು ಸಿದ್ಧರಿರಲಿಲ್ಲ. ದಲಿತರಲ್ಲಿ ಉಪಾಧ್ಯಾಯರಾಗುವಷ್ಟು ಓದಿದವರು ಇನ್ನೂ ತಯಾರಾಗಿರಲಿಲ್ಲ. ಕೊನೆಗೆ ಕ್ರೈಸ್ತ ಉಪಾಧ್ಯಾಯರನ್ನು ನೇಮಿಸಿಕೊಂಡು ರಂಗರಾಯರು ತರಗತಿಗಳನ್ನು ನಡೆಸಿದರು. ಸ್ವಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮದುವೆ ಮುಂಜಿಗಳಿಗೆ ಕರೆಯಿಲ್ಲ, ಹಬ್ಬ ಹರಿದಿನಗಳಿಗೆ ನಂಟರಿಲ್ಲ. ಬಹಿಷ್ಕಾರವೆಂದರೆ ಅಂದಿನ ಸಮಾಜದಲ್ಲಿ ದಿನದ ಬದುಕೇ ಬಿಗಿಯುವ ಶಿಕ್ಷೆ. ಅದರ ಭಾರ ರಂಗರಾಯರೊಬ್ಬರ ಮೇಲಷ್ಟೇ ಬೀಳಲಿಲ್ಲ. ಪತ್ನಿ ರುಕ್ಮಿಣಿಯಮ್ಮನವರೂ ಮಕ್ಕಳೂ ಅದನ್ನು ಹೊರಬೇಕಾಯಿತು. ಆದರೂ ಶಾಲೆ ಮುಚ್ಚಲಿಲ್ಲ.

ಬಾಗಿಲು ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲವೆಂಬ ಸತ್ಯ ಬಹುಬೇಗ ಅರಿವಿಗೆ ಬಂತು. ಕೂಲಿಯನ್ನೇ ನಂಬಿದ ಕುಟುಂಬದಲ್ಲಿ ಏಳೆಂಟು ವರ್ಷದ ಮಗುವೂ ದುಡಿಯುವ ಕೈ. ದನ ಕಾಯುವುದು, ಸೌದೆ ಆರಿಸುವುದು, ಕಿರಿಯ ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲವೂ ಅದರ ಪಾಲಿನ ಕೆಲಸಗಳು. ಆ ಮಗುವನ್ನು ಶಾಲೆಗೆ ಕಳುಹಿಸಿದರೆ ಅಂದಿನ ಗಂಜಿಯಲ್ಲಿ ಒಂದು ಸೌಟು ಕಡಿಮೆಯಾಗುತ್ತದೆ. ಭೂಮಾಲೀಕನ ಅಸಮಾಧಾನದ ಭೀತಿ ಬೇರೆ. ತಂದೆತಾಯಿಗಳು ಹಿಂಜರಿದರೆ ಅದನ್ನು ಅಜ್ಞಾನವೆಂದು ಹಳಿಯುವುದು ಸುಲಭವಾಗಿತ್ತು. ರಂಗರಾಯರು ಹಳಿಯಲಿಲ್ಲ, ಲೆಕ್ಕ ಹಾಕಿದರು.

ಆ ಲೆಕ್ಕದಿಂದ ಎರಡು ಕ್ರಮಗಳು ಹುಟ್ಟಿದವು. ಮಗುವನ್ನು ಶಾಲೆಗೆ ಕಳುಹಿಸಿದ ಕುಟುಂಬಕ್ಕೆ ದಿನವೊಂದಕ್ಕೆ ಎರಡು ಪೈಸೆ ಕೊಡುವ ವ್ಯವಸ್ಥೆ ಮೊದಲನೆಯದು. ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಎರಡನೆಯದು. ಹಸಿದ ಮಗು ಅಕ್ಷರ ಕಲಿಯಲಾರದು, ಮಗುವಿನ ದುಡಿಮೆಯನ್ನು ಕಳೆದುಕೊಂಡ ಕುಟುಂಬ ಅದನ್ನು ಶಾಲೆಗೆ ಕಳುಹಿಸಲಾರದು ಎಂಬ ಸರಳ ತಿಳಿವಳಿಕೆ ಇದರ ಹಿಂದಿತ್ತು. ಮದ್ರಾಸ್ ನಗರಸಭೆ ತನ್ನ ಶಾಲೆಯೊಂದರಲ್ಲಿ ಊಟ ಆರಂಭಿಸಿದ್ದು 1920ರಲ್ಲಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಹಂತಹಂತವಾಗಿ ಬಂದದ್ದು 2002ರಿಂದೀಚೆಗೆ. ಇಂದು ಇಡೀ ದೇಶ ಒಪ್ಪಿಕೊಂಡಿರುವ ಈ ವ್ಯವಸ್ಥೆಯನ್ನು ಒಬ್ಬ ವಕೀಲ ತನ್ನ ಗಳಿಕೆ ಮತ್ತು ಬೇಡಿ ತಂದ ದೇಣಿಗೆಗಳಿಂದ ಅಂದೇ ನಡೆಸಿ ತೋರಿಸಿದ್ದರು.

1897ರಲ್ಲಿ ರಂಗರಾಯರು ತಮ್ಮ ಕಾರ್ಯಕ್ಕೆ ಸಂಸ್ಥೆಯ ರೂಪ ಕೊಟ್ಟರು. ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬುದು ಅದರ ಹೆಸರು. ಜಮಖಂಡಿಯಲ್ಲಿ ಹುಟ್ಟಿ ಮಹಾರಾಷ್ಟ್ರದಲ್ಲಿ ಹೆಸರಾದ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆ ಸ್ಥಾಪಿಸಿದ್ದು 1906ರಲ್ಲಿ. ಮಂಗಳೂರಿನ ಪ್ರಯತ್ನ ಅದಕ್ಕಿಂತ ಒಂಬತ್ತು ವರ್ಷ ಹಿಂದಿನದು. ಮಿಷನ್ನಿನ ಆಶ್ರಯದಲ್ಲಿ ಅತ್ತಾವರ, ಮೂಲ್ಕಿ, ಉಡುಪಿ, ನೇಜಾರು ಮೊದಲಾದೆಡೆಗಳಲ್ಲಿ ಶಾಲೆಗಳು ಒಂದೊಂದಾಗಿ ತೆರೆದವು. ದೂರದ ಊರುಗಳ ಮಕ್ಕಳಿಗೆ ವಿದ್ಯಾರ್ಥಿನಿಲಯದ ಅನುಕೂಲವೂ ಒದಗಿತು.

ಶಾಲೆಯೊಂದನ್ನು ತೆರೆಯುವುದಕ್ಕಿಂತ ಅದನ್ನು ನಡೆಸುವುದು ಕಷ್ಟ. ಪ್ರತಿ ತಿಂಗಳೂ ಬಾಡಿಗೆ, ಉಪಾಧ್ಯಾಯರ ಸಂಬಳ, ಅಕ್ಕಿ, ಸ್ಲೇಟು, ಪುಸ್ತಕ, ಬಟ್ಟೆಗಳ ಖರ್ಚು ತಪ್ಪದೆ ಎದುರು ನಿಲ್ಲುತ್ತದೆ. ದಾನಿಗಳಿಗೆ ಉದ್ಘಾಟನೆಯ ದಿನದ ಉತ್ಸಾಹವಿರುತ್ತದೆ. ಹತ್ತನೆಯ ವರ್ಷದ ಅಕ್ಕಿಯ ಲೆಕ್ಕದಲ್ಲಿ ಆ ಉತ್ಸಾಹ ಉಳಿದಿರುವುದಿಲ್ಲ. ರಂಗರಾಯರು ತಮ್ಮ ವಕೀಲಿಯ ಸಂಪಾದನೆಯನ್ನು ಇದಕ್ಕೆ ಸುರಿದರು. ಸಾಲದೆ ಬಂದಾಗ ಪರಿಚಿತರ, ಅಪರಿಚಿತರ ಮುಂದೆ ಕೈಚಾಚಿದರು. ಸ್ವಂತಕ್ಕಾಗಿ ಬೇಡಲು ನಾಚುವ ಮನುಷ್ಯ ಮಕ್ಕಳ ಶಾಲೆಗಾಗಿ ಬೇಡಲು ನಾಚಲಿಲ್ಲ.

ಓದು ಬರಹದ ಜೊತೆಗೆ ಮಿಷನ್ನಿನಲ್ಲಿ ಮರಗೆಲಸ, ನೇಯ್ಗೆ ಮುಂತಾದ ಕಸುಬುಗಳ ತರಬೇತಿಯೂ ಆರಂಭವಾಯಿತು. ಇದರ ಮಹತ್ವ ಮೇಲ್ನೋಟಕ್ಕೆ ತಿಳಿಯುವಂಥದ್ದಲ್ಲ. ಜಾತಿಗೊಂದು ಕಸುಬೆಂದು ಕಟ್ಟು ಹಾಕಿದ್ದ ವ್ಯವಸ್ಥೆಯಲ್ಲಿ ಮರಗೆಲಸ ಒಂದು ಜಾತಿಗೆ, ನೇಯ್ಗೆ ಇನ್ನೊಂದಕ್ಕೆ ಮೀಸಲು. ದಲಿತ ಹುಡುಗನಿಗೆ ಹೊಲದ ಕೂಲಿಯೂ ಊರ ಕಸದ ಕೆಲಸವೂ ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಅಂಥ ಹುಡುಗನ ಕೈಗೆ ಉಳಿ, ಗರಗಸ, ಕೀಸುಳಿಗಳು ಬಂದಾಗ ಅವನಿಗೆ ದಕ್ಕಿದ್ದು ಕೇವಲ ಒಂದು ಉದ್ಯೋಗವಲ್ಲ. ಯಾರ ಹಂಗೂ ಇಲ್ಲದೆ ಮಾರಬಹುದಾದ ಕುಶಲತೆ. ಬೆಂಚಿನ ಮೇಲೆ ಕೂರುವ ಹಕ್ಕನ್ನು ಸಮಾಜ ನಿರಾಕರಿಸಿದ್ದ ಮಗುವಿಗೆ ಬೆಂಚನ್ನು ತಯಾರಿಸುವ ವಿದ್ಯೆಯನ್ನೇ ಮಿಷನ್ ಕಲಿಸಿತು. ಕಾರ್ಖಾನೆಗಳು ಬೆಳೆಯುತ್ತಿದ್ದ ಮಂಗಳೂರಿನಲ್ಲಿ ಕಸುಬು ಬಲ್ಲವರಿಗೆ ಬೆಲೆಯಿತ್ತೆಂಬುದನ್ನೂ ರಂಗರಾಯರು ಕಂಡಿದ್ದರು.

ಕಲಿತು ಹೊರಬಂದವರು ಮತ್ತೆ ಪರರ ಜಮೀನಿನ ಗುಡಿಸಲಿಗೆ ಮರಳಿದರೆ ಕಲಿಕೆ ನಿಲ್ಲುವುದಿಲ್ಲವೆಂದು ತಿಳಿದು ಅವರು ವಸತಿಯ ಪ್ರಶ್ನೆಗೂ ಕೈಹಾಕಿದರು. ಸರ್ಕಾರದಿಂದ ಭೂಮಿ ಪಡೆದು ದಲಿತ ಕುಟುಂಬಗಳನ್ನು ನೆಲೆಗೊಳಿಸಲು ಯತ್ನಿಸಿದರು. ಕರಾವಳಿಯಲ್ಲಿ ಎಲ್ಲರಿಗಿಂತ ಹೀನಾಯ ಸ್ಥಿತಿಯಲ್ಲಿದ್ದ ಕೊರಗ ಸಮುದಾಯದ ಕಡೆಗೂ ಅವರ ಗಮನ ಹರಿಯಿತು. ಸ್ಥಳೀಯ ಆಡಳಿತ ಸಂಸ್ಥೆಗಳಲ್ಲಿ ದಲಿತರಿಗೆ ಪ್ರಾತಿನಿಧ್ಯ ದೊರೆಯಬೇಕೆಂದು ಪ್ರಯತ್ನಿಸಿದರು. ನಿರ್ಗತಿಕ ಮಹಿಳೆಯರಿಗೂ ವಿಧವೆಯರಿಗೂ ಆಸರೆ ಕಲ್ಪಿಸಲು ದುಡಿದರು.

ವಿಧವಾ ವಿವಾಹದ ವಿಚಾರದಲ್ಲಿ ಅವರ ನಿಷ್ಠೆ ಸ್ವಂತ ಮನೆಯಲ್ಲಿಯೇ ಪರೀಕ್ಷೆಗೊಳಗಾಯಿತು. ಮಗಳು ರಾಧಾಬಾಯಿ ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡರು. ರಂಗರಾಯರು ಮಗಳನ್ನು ಮನೆಯ ಮೂಲೆಗೆ ನೂಕದೆ ಓದಿಸಿದರು. ಆಕೆ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಆಕ್ಸ್‌ಫರ್ಡಿನ ಸಾಮರ್‌ವಿಲ್ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿದರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲಂ ಜಮೀನ್ದಾರಿ ಮನೆತನದ ಪಿ. ಸುಬ್ಬರಾಯನ್ ಅವರೊಡನೆ ಆಕೆಯ ವಿವಾಹ ನಡೆಯಿತು. ವಿಧವೆಯ ಮರುವಿವಾಹ ಹಾಗೂ ಅಂತರ್ಜಾತೀಯ ವಿವಾಹ ಎರಡೂ ಅದರಲ್ಲಿ ಕೂಡಿದ್ದವು. ಪರರ ಮಕ್ಕಳಿಗೆ ಬೋಧಿಸಿದ್ದನ್ನು ತನ್ನ ಮಗಳ ವಿಚಾರದಲ್ಲಿ ಪಾಲಿಸಿದ ತಂದೆಯ ಮೇಲೆ ಸಂಪ್ರದಾಯಸ್ಥರ ಸಿಟ್ಟು ಮತ್ತಷ್ಟು ಹೆಚ್ಚಿದ್ದು ಸಹಜವೇ.

ಸುಬ್ಬರಾಯನ್ 1926ರಿಂದ 1930ರವರೆಗೆ ಮದ್ರಾಸ್ ಪ್ರಾಂತ್ಯದ ಪ್ರಧಾನ ಮಂತ್ರಿಯಾಗಿದ್ದರು. ಅಂದು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ದಕ್ಷಿಣ ಕನ್ನಡವೂ ಒಂದೇ ಪ್ರಾಂತ್ಯದ ಆಡಳಿತಕ್ಕೆ ಒಳಪಟ್ಟಿದ್ದವು; ಕನ್ನಡದ ಈ ಎರಡು ಅಂಚುಗಳು ಹೊಸ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರಾಧಾಬಾಯಿ 1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿನಲ್ಲಿ ಪಾಲ್ಗೊಂಡ ಇಬ್ಬರು ಮಹಿಳೆಯರಲ್ಲಿ ಒಬ್ಬರಾದರು. 1938ರಲ್ಲಿ ಕೇಂದ್ರದ ಕೌನ್ಸಿಲ್ ಆಫ್ ಸ್ಟೇಟ್‌ಗೆ ಆಯ್ಕೆಯಾದ ಪ್ರಥಮ ಮಹಿಳೆ ಎನಿಸಿದರು. ಅವರ ಮಕ್ಕಳಲ್ಲಿ ಪಿ.ಪಿ. ಕುಮಾರಮಂಗಲಂ 1966ರಿಂದ 1969ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದರು. ಮೋಹನ್ ಕುಮಾರಮಂಗಲಂ ಕೇಂದ್ರ ಸಚಿವರಾದರೆ, ಪಾರ್ವತಿ ಕೃಷ್ಣನ್ ಕಮ್ಯುನಿಸ್ಟ್ ಪಕ್ಷದ ಸಂಸತ್ ಸದಸ್ಯೆಯಾಗಿ ಹೆಸರು ಮಾಡಿದರು.

ರಂಗರಾಯರ ದಾರಿಗೆ ಒಂದು ಮಿತಿಯೂ ಇತ್ತು. ಅವರ ಶಾಲೆಗಳು ಪ್ರತ್ಯೇಕ ಶಾಲೆಗಳಾಗಿದ್ದವು. ಅಲ್ಲಿ ದಲಿತ ಮಗುವಿಗೆ ಕೂರಲು ಜಾಗ ದೊರೆಯಿತು. ಆದರೆ ಊರಿನ ಉಳಿದ ಮಕ್ಕಳ ಪಕ್ಕದಲ್ಲಿ ದೊರೆಯಲಿಲ್ಲ. ಸಾಮಾನ್ಯ ಶಾಲೆಗಳ ಬಾಗಿಲು ತೆರೆಯುವುದೇ ನಿಜವಾದ ಪರಿಹಾರವೆಂದು ವಾದಿಸಬಹುದು, ಆ ವಾದದಲ್ಲಿ ಸತ್ಯವಿದೆ. ಆದರೆ ಆ ಬಾಗಿಲು ತೆರೆಯುವುದು ಎಷ್ಟು ಕಠಿಣವೆಂಬುದಕ್ಕೆ ಹಳೆಯ ಮೈಸೂರೇ ಸಾಕ್ಷಿ. ಯಳಂದೂರು, ಅಗರಗಳನ್ನು ಒಳಗೊಂಡಿದ್ದ ಆ ಸಂಸ್ಥಾನದಲ್ಲಿ 1910ರ ದಶಕದಲ್ಲಿ, ಶಿಕ್ಷಣತಜ್ಞ ಸಿ.ಆರ್. ರೆಡ್ಡಿಯವರ ಒತ್ತಾಸೆಯಿಂದ, ಸರ್ಕಾರಿ ಶಾಲೆಗಳಿಗೆ ಎಲ್ಲ ಜಾತಿಯ ಮಕ್ಕಳನ್ನೂ ಸೇರಿಸಿಕೊಳ್ಳಬೇಕೆಂಬ ನೀತಿ ಜಾರಿಗೆ ಬಂದಾಗ ಪ್ರಬಲ ವಿರೋಧವೇ ಎದ್ದಿತು. ಪ್ರಗತಿಪರವೆಂದು ಹೆಸರಾದ ಸರ್ಕಾರದ ಆದೇಶಕ್ಕೇ ಆ ಗತಿಯಾದರೆ, ಅದಕ್ಕೆ ಎರಡು ದಶಕಗಳ ಹಿಂದೆ ಒಬ್ಬ ವಕೀಲನ ಮುಂದಿದ್ದ ಆಯ್ಕೆಗಳು ಹೆಚ್ಚೇನೂ ಇರಲಿಲ್ಲ. ಸಾಮಾನ್ಯ ಶಾಲೆ ಮನಸ್ಸು ಬದಲಿಸುವವರೆಗೆ ಕಾದರೆ ಒಂದು ತಲೆಮಾರು ಅಕ್ಷರವಿಲ್ಲದೆ ಮುಗಿಯುತ್ತಿತ್ತು. ರಂಗರಾಯರು ಆ ತಲೆಮಾರನ್ನು ಕಾಯಿಸಲು ಒಪ್ಪಲಿಲ್ಲ.

ಕಾಲಕ್ರಮದಲ್ಲಿ ಮಿಷನ್ನಿನ ಕೀರ್ತಿ ಕರಾವಳಿಯ ಆಚೆಗೂ ಹರಡಿತು. ದೇಶದ ಹಲವು ಗಣ್ಯರು ಅದರ ಕಾರ್ಯವನ್ನು ಕಂಡು ಮೆಚ್ಚಿದರು. ಬ್ರಿಟಿಷ್ ಸರ್ಕಾರ ರಾವ್ ಸಾಹೇಬ್ ಬಿರುದನ್ನು ನೀಡಿತು. ಬಹಿಷ್ಕಾರ ಹಾಕಿದ್ದ ಊರಿನಲ್ಲಿಯೇ ಗೌರವದ ಮಾತುಗಳೂ ಕೇಳಿಬಂದವು. ಆ ಬಹಿಷ್ಕಾರ ಅವರನ್ನು ತಡೆದಿರಲಿಲ್ಲ, ಈ ಗೌರವವೂ ಅವರ ದಿನಚರಿಯನ್ನು ಬದಲಿಸಲಿಲ್ಲ. ಬದುಕಿನ ಕೊನೆಯ ಹಂತದಲ್ಲಿ ಅವರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆಂಬ ಹೆಸರು ಧರಿಸಿದರು.

1928ರ ಜನವರಿ 30ರಂದು ರಂಗರಾಯರು ನಿಧನರಾದರು. ಕೊನೆಯ ಯಾತ್ರೆಯ ಬಗೆಗೂ ಅವರು ಮೊದಲೇ ತಮ್ಮ ಇಚ್ಛೆಯನ್ನು ತಿಳಿಸಿದ್ದರು. ತಮ್ಮ ಶವವನ್ನು ಊರಿನ ಪೌರಕಾರ್ಮಿಕರೇ ಹೊರಬೇಕು ಎಂಬುದು ಆ ಇಚ್ಛೆ. ಸಮಾಜ ಯಾರನ್ನು ಮುಟ್ಟಬಾರದೆಂದು ದೂರವಿಟ್ಟಿತ್ತೋ ಅವರ ಹೆಗಲ ಮೇಲೆಯೇ ಅವರು ಕೊನೆಯ ಬಾರಿ ಮಂಗಳೂರಿನ ಬೀದಿಗಳಲ್ಲಿ ಸಾಗಿದರು. ನಗರದ ಅತ್ತಾವರದ ಬಾಬುಗುಡ್ಡೆಯಲ್ಲಿ ಅವರ ಸಮಾಧಿಯಿದೆ. ಅವರ ಹೆಬ್ಬಯಕೆಯೊಂದು ಕರಾವಳಿಯಲ್ಲಿ ಇಂದಿಗೂ ಜನರ ಬಾಯಲ್ಲಿದೆ. ದಲಿತ ಮಕ್ಕಳು ಓದಿ, ಉದ್ಯೋಗ ಹಿಡಿದು, ತಮ್ಮ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಸಂಚರಿಸುವಂತಾಗಬೇಕು. ಆ ಕಾರಿನಿಂದೆದ್ದ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ಮೋಟಾರು ಕಾರೆಂಬುದು ಸಿರಿವಂತರಿಗೂ ಅಪರೂಪವಾಗಿದ್ದ ಕಾಲದ ಬಯಕೆ ಅದು.

ಅವರು ತೀರಿಕೊಂಡ ಆರು ವರ್ಷಗಳ ಅನಂತರ, 1934ರ ಫೆಬ್ರುವರಿಯಲ್ಲಿ, ಅಸ್ಪೃಶ್ಯತಾ ನಿವಾರಣೆಗಾಗಿ ದೇಶ ಸುತ್ತುತ್ತಿದ್ದ ಗಾಂಧೀಜಿ ಮಂಗಳೂರಿಗೆ ಬಂದರು. ಆ ಪ್ರವಾಸದಲ್ಲಿ ಅವರು ಊರೂರಿನಲ್ಲಿ ಆರಂಭಿಸಬೇಕೆಂದು ಹೇಳುತ್ತಿದ್ದ ಕಾರ್ಯ ಆ ಪಟ್ಟಣದಲ್ಲಿ ಆಗಲೇ 42 ವರ್ಷ ಹಳೆಯದಾಗಿತ್ತು. ದೇಶಮಟ್ಟದ ಚಳವಳಿಯೊಂದು ಹುಟ್ಟುವ ಮುನ್ನವೇ, ಯಾವ ಪಕ್ಷದ ಬೆಂಬಲವೂ ಇಲ್ಲದೆ, ಒಂದು ಬಾಡಿಗೆ ಮನೆಯಲ್ಲಿ ಅದು ಮೊದಲಾಗಿತ್ತು.

ಇಂದು ಮಂಗಳೂರಿನ ಪುರಭವನ ಕುದ್ಮುಲ್ ರಂಗರಾವ್ ಅವರ ಹೆಸರನ್ನು ಹೊತ್ತಿದೆ. ವಿದ್ಯಾರ್ಥಿನಿಯರ ವಸತಿನಿಲಯವೊಂದೂ ಅವರ ಹೆಸರಿನಲ್ಲಿದೆ. ಆದರೂ ಕರಾವಳಿಯ ಗಡಿ ದಾಟಿದರೆ ಅವರ ಹೆಸರು ಬಲ್ಲವರು ಕಡಿಮೆ. ಅಕ್ಷರ, ಅನ್ನ, ಕಸುಬು, ಸೂರು ಈ ನಾಲ್ಕನ್ನೂ ಒಂದೇ ಶಾಲೆಯ ಸುತ್ತ ಕೂಡಿಸಿ ಕಂಡ ಅವರ ದೃಷ್ಟಿ ಪಠ್ಯಪುಸ್ತಕದ ಒಂದು ಪಾಠಕ್ಕೆ ಮುಗಿಯುವಂಥದ್ದಲ್ಲ.

ಹಳ್ಳಿಯ ಶಾಲೆಗೆ ಇಂದು ಬೆಂಚು ಕೊಡಿಸುವವರ ಕಾರ್ಯ ಸಣ್ಣದೇನಲ್ಲ. ದಿನವಿಡೀ ನೆಲದ ಮೇಲೆ ಬಾಗಿ ಬರೆಯುವ ಮಗುವಿನ ಬೆನ್ನು ಆ ಬೆಂಚಿನ ಬೆಲೆಯನ್ನು ಬಲ್ಲದು. ರಂಗರಾಯರ ಬದುಕು ಆ ದಾನದ ಜೊತೆಗೆ ಇನ್ನೂ ಕೆಲವು ಸಂಗತಿಗಳನ್ನು ಗಮನಿಸುವಂತೆ ಮಾಡುತ್ತದೆ. ಬೆಂಚು ಬಂದ ದಿನ ತರಗತಿಗೆ ಬಾರದೆ ಉಳಿದ ಮಗು ಯಾವುದು, ಅದು ಎಲ್ಲಿ ದುಡಿಯುತ್ತಿದೆ, ಅದರ ಮನೆಯಲ್ಲಿ ಅಂದು ಒಲೆ ಹೊತ್ತಿದೆಯೇ ಎಂದು ವಿಚಾರಿಸುವುದನ್ನು ಅವರು ಶಾಲೆಯ ಕೆಲಸವೆಂದೇ ತಿಳಿದಿದ್ದರು. ಚಿಲಿಂಬಿಯ ಬಾಡಿಗೆ ಮನೆಯಲ್ಲಿ 1892ರಲ್ಲಿ ನೆಲದ ಮೇಲೆ ಕುಳಿತ ಮಕ್ಕಳ ಹೆಸರುಗಳು ಪ್ರಸಿದ್ಧವಾಗಲಿಲ್ಲ. ಆದರೆ ಇಂದು ಅಗರದಂಥ ಊರಿನ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂರುವ ಮಕ್ಕಳ ಕಥೆ ಆರಂಭವಾಗುವುದು ಅಂಥ ಮನೆಗಳಿಂದಲೇ.